ಕೊಯ್ದ ಹಂದಿಯಲ್ಲಿ ಬಿಳಿ ಗುಳ್ಳೆ ಕಂಡಿದೆ, ಉಳಿದವನ್ನು ಏನು ಮಾಡಲಿ?

ಮಲೆನಾಡ ಹಟ್ಟಿ:
ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ಕಡೆಯವನು. ಸ್ವಲ್ಪ ಕಾಫಿ ಇದೆ, ಜೊತೆಗೆ ಹಂದಿ ಸಾಕುತ್ತೇನೆ. ಹೆಚ್ಚಿನವು ಯಾರ್ಕ್‌ಶೈರ್ ಕ್ರಾಸು, ಒಂದೆರಡು ನಾಟಿ. ರಾತ್ರಿ ಗೂಡಲ್ಲಿ ಇರುತ್ತವೆ. ಬೆಳಗ್ಗೆ ಬಿಟ್ಟರೆ ಪಕ್ಕದ ಎಸ್ಟೇಟಿನ ಲೈನ್ ಮನೆಗಳವರೆಗೂ (ಕೆಲಸದವರ ಸಾಲುಮನೆಗಳು) ಅಲೆದು ಬರುತ್ತವೆ. ಸಂಜೆ ಹೋಟೆಲಿನ ಮುಸುರೆ ಹಾಕುತ್ತೇನೆ.

ಮೊನ್ನೆ ಒಂದು ಹಂದಿಯನ್ನು ಮಾಂಸದ ಅಂಗಡಿಗೆ ಕೊಟ್ಟೆ. ಒಳ್ಳೆ ತೂಕ ಇತ್ತು, ಚುರುಕಾಗಿತ್ತು, ಒಂದು ದಿನವೂ ಮೇವು ಬಿಟ್ಟದ್ದಿಲ್ಲ. ಕೊಯ್ದ ಮೇಲೆ ಅಂಗಡಿಯವರು ಫೋನ್ ಮಾಡಿ ಕರೆದರು. ತೊಡೆ, ಭುಜ, ನಾಲಿಗೆ, ಗುಂಡಿಗೆ, ಎಲ್ಲ ಕಡೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಗುಳ್ಳೆಗಳು. ಒಳಗೆ ನೀರು, ನಡುವೆ ಒಂದು ಬಿಳಿ ಚುಕ್ಕೆ. ಇದನ್ನು ಮಾರಲ್ಲ ಅಂದರು. ದುಡ್ಡು ವಾಪಸ್ ಕೊಟ್ಟೆ, ಮಾಂಸ ಸುಟ್ಟು ಹೂತೆವು.

ಈಗ ನನ್ನ ಪ್ರಶ್ನೆ. ಇದು ಉಳಿದ ಹಂದಿಗಳಿಗೆ ಹರಡುತ್ತಾ? ಗೂಡಿಗೆ ಸುಣ್ಣ ಹೊಡೆದರೆ ಸಾಕಾ? ಇನ್ನೊಂದು ವಿಷಯ. ಸುದ್ದಿ ಹೇಗೋ ಹೊರಗೆ ಹೋಗಿದೆ. ಒಬ್ಬ ವ್ಯಾಪಾರಿ ಬಂದು ಉಳಿದ ಎಲ್ಲವನ್ನೂ ಒಟ್ಟಿಗೆ ತಗೊಳ್ತೀನಿ, ಆದರೆ ಅರ್ಧ ರೇಟು ಅಂತಿದ್ದಾರೆ. ಎಲ್ಲಿಗೆ ಒಯ್ಯುತ್ತಾರೆ ಅಂತ ಕೇಳಿದರೆ ಉತ್ತರ ಇಲ್ಲ. ಮನೆಯಲ್ಲಿ ಕೊಟ್ಟುಬಿಡು ಅನ್ನುತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳ್ಳಿ ಪಶುವೈದ್ಯ:
ನೀವು ಹೇಳಿದ ಲಕ್ಷಣ ನೋಡಿದರೆ ಇದು ಲಾಡಿಹುಳುವಿನ ಮರಿ. ಟೀನಿಯಾ ಸೋಲಿಯಂ ಅಂತ ಹೆಸರು. ಖಚಿತ ಮಾಡಲು ಒಂದು ಗುಳ್ಳೆಯನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಹೂತಿದ್ದೀರಿ, ಇರಲಿ. ಆದರೆ ಸ್ನಾಯುವಿನೊಳಗೆ ನೀರುಗುಳ್ಳೆ, ಅದರಲ್ಲಿ ಒಂದೇ ಬಿಳಿ ಚುಕ್ಕೆ ಅಂದರೆ ಬೇರೆ ಅನುಮಾನಕ್ಕೆ ಜಾಗ ಕಡಿಮೆ. ಆ ಚುಕ್ಕೆಯೇ ಹುಳದ ತಲೆ.

ಹರಡುವ ಪ್ರಶ್ನೆಗೆ ಉತ್ತರ: ಹಂದಿಯಿಂದ ಹಂದಿಗೆ ಹರಡುವುದಿಲ್ಲ. ಒಂದೇ ಗೂಡಲ್ಲಿ ಮಲಗಿದರೂ ಇಲ್ಲ, ಒಂದರ ಸಗಣಿ ಇನ್ನೊಂದು ಮುಟ್ಟಿದರೂ ಇಲ್ಲ. ಸುಣ್ಣ ಹೊಡೆಯಿರಿ, ಗೂಡಿಗೆ ಒಳ್ಳೆಯದೇ, ಈ ಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಸುರೆಯಲ್ಲಿ ಹಸಿ ಹಂದಿಮಾಂಸದ ಚೂರು ಇದ್ದು ಅದನ್ನು ತಿಂದರೂ ಹಂದಿಗೆ ಈ ಗುಳ್ಳೆ ಬರುವುದಿಲ್ಲ. (ಮುಸುರೆಯನ್ನು ಕುದಿಸಿಯೇ ಹಾಕಿ. ಅದು ಹಂದಿಜ್ವರದ ಕಾರಣಕ್ಕೆ, ಬೇರೆ ಕಥೆ.)

ಹಂದಿಗೆ ಈ ಗುಳ್ಳೆ ಬರುವ ದಾರಿ ಒಂದೇ. ದೊಡ್ಡ ಹುಳ ಇರುವುದು ಮನುಷ್ಯನ ಕರುಳಿನಲ್ಲಿ, ಬೇರೆಲ್ಲೂ ಅಲ್ಲ. ಎರಡರಿಂದ ನಾಲ್ಕು ಮೀಟರ್ ಉದ್ದ ಇರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಅದರ ಬಾಲದ ತುಂಡುಗಳು ಕಳಚಿ ಮಲದಲ್ಲಿ ಹೊರಬರುತ್ತವೆ. ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ. ಆ ಮಲವನ್ನು ಹಂದಿ ತಿಂದರೆ, ಅಥವಾ ಅದು ಬಿದ್ದ ಮಣ್ಣು, ಸೊಪ್ಪು ತಿಂದರೆ, ಮೊಟ್ಟೆ ಒಡೆದು ಮರಿ ರಕ್ತಕ್ಕೆ ಸೇರಿ ಸ್ನಾಯುವಿನಲ್ಲಿ ಗುಳ್ಳೆಯಾಗಿ ಕೂರುತ್ತದೆ. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವನ ಕರುಳಿನಲ್ಲಿ ಎರಡು ತಿಂಗಳಲ್ಲಿ ಮತ್ತೆ ದೊಡ್ಡ ಹುಳ.

ಅಂದರೆ ನಿಮ್ಮ ಗೂಡಿನಲ್ಲಿ ಹುಡುಕಬೇಡಿ. ಹಂದಿ ಅಲೆಯುವ ದಾರಿಯಲ್ಲಿ ಯಾರೋ ಒಬ್ಬರ ಹೊಟ್ಟೆಯಲ್ಲಿ ಹುಳ ಇದೆ. ನಿಮ್ಮ ಮನೆಯವರೂ ಆಗಿರಬಹುದು. ಉಳಿದ ಹಂದಿಗಳು ಅದೇ ದಾರಿಯಲ್ಲಿ ಮೇಯ್ದಿವೆ, ಹಾಗಾಗಿ ಅವುಗಳಲ್ಲೂ ಕೆಲವಕ್ಕೆ ಇರುವ ಸಾಧ್ಯತೆ ಇದೆ.

ನಾಟಿ ಊಟ:
ಇದೆಲ್ಲ ಹಂದಿಮಾಂಸ ತಿನ್ನುವವರನ್ನು ಹೆದರಿಸುವ ಮಾತು. ನಮ್ಮ ಅಜ್ಜ ಮುತ್ತಜ್ಜಂದಿರು ತಿಂದಿಲ್ವಾ? ತೊಂಬತ್ತು ವರ್ಷ ಬದುಕಿದರು. ಕೋಳಿಯಲ್ಲಿ ರೋಗ ಇಲ್ವಾ, ಮೀನಲ್ಲಿ ಇಲ್ವಾ? ಹಂದಿ ಅಂದ ಕೂಡಲೇ ಎಲ್ಲರಿಗೂ ಸ್ವಚ್ಛತೆ ನೆನಪಾಗುತ್ತೆ.

ಸೋಮವಾರಪೇಟೆ ಅಕ್ಕ:
ತಮ್ಮಾ, ಯಾರೂ ತಿನ್ನಬೇಡಿ ಅಂದಿಲ್ಲ. ನಮ್ಮ ಮನೆಯಲ್ಲಿ ಪಂದಿ ಕರಿ ಇಲ್ಲದ ಹಬ್ಬ ಇಲ್ಲ. ಆದರೆ ನಮ್ಮಲ್ಲಿ ಅದನ್ನು ಹೇಗೆ ಮಾಡುತ್ತಾರೆ ನೋಡಿ. ಸಣ್ಣ ತುಂಡು, ದಪ್ಪ ತಳದ ಪಾತ್ರೆ, ಕೊಬ್ಬು ಕರಗಿ ಎಣ್ಣೆ ಬಿಡುವವರೆಗೆ ಬೇಯಬೇಕು, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಬೀಳುವುದೇ ಕೊನೆಗೆ. ಅಷ್ಟು ಬೆಂದ ಮೇಲೆ ಯಾವ ಹುಳ ಉಳಿಯುತ್ತೆ? ಅಜ್ಜ ಮುತ್ತಜ್ಜ ಬದುಕಿದ್ದು ಅದಕ್ಕೇ ಇರಬೇಕು.

ನನಗೆ ಭಯ ಈಗಿನ ಪದ್ಧತಿ. ಹೋಮ್‌ಸ್ಟೇಗಳಲ್ಲಿ ಬೆಂಕಿ ಹಾಕಿ, ಕಂಬಿಗೆ ಚುಚ್ಚಿ, ಹೊರಗೆ ಕರಕಲು ಒಳಗೆ ಕೆಂಪು. ಕೊಯ್ಯುವ ಜಾಗದಲ್ಲೇ ಕೆಂಡದ ಮೇಲೆ ಎರಡು ತುಂಡು ಸುಟ್ಟು ತಿನ್ನುವ ಗಂಡಸರೂ ಇದ್ದಾರೆ. ಅದನ್ನು ಹೇಳಿದರೆ ನಗುತ್ತಾರೆ.

ಡಾಕ್ಟ್ರೇ, ಕಾಚಂಪುಳಿ ಹಾಕಿ ನೆನೆಸಿದರೆ ಗುಳ್ಳೆ ಸಾಯುತ್ತಾ? ಫ್ರಿಜ್ಜಿನಲ್ಲಿಟ್ಟರೆ?

ಹಳ್ಳಿ ಪಶುವೈದ್ಯ:
ಅಕ್ಕ, ಹುಳಿಯನ್ನು ನಂಬಬೇಡಿ. ಬೆಂಕಿಯನ್ನು ನಂಬಿ. ತುಂಡಿನ ನಡುವಿನವರೆಗೆ ಕೆಂಪು ಹೋಗಿ, ಒಳಗಿಂದ ತಿಳಿ ರಸ ಬರುವವರೆಗೆ ಬೇಯಬೇಕು. ಉಪ್ಪು ಹಚ್ಚಿ ಹೊಗೆಯಲ್ಲಿ ಒಣಗಿಸಿದ ಮಾಂಸವನ್ನೂ ಮತ್ತೆ ಬೇಯಿಸಿಯೇ ತಿನ್ನಿ.

ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟರೆ ಏನೂ ಆಗುವುದಿಲ್ಲ, ಗುಳ್ಳೆ ಹಾಯಾಗಿರುತ್ತದೆ. ಐಸ್ ಆಗಬೇಕು. ಮೈನಸ್ 5 ಡಿಗ್ರಿಯಲ್ಲಿ 4 ದಿನ, ಮೈನಸ್ 15ರಲ್ಲಿ 3 ದಿನ, ಮೈನಸ್ 24ರಲ್ಲಿ 1 ದಿನ ಇಟ್ಟರೆ ಸಾಯುತ್ತದೆ ಅಂತ ಪ್ರಯೋಗದಲ್ಲಿ ಕಂಡಿದೆ. ಮಲೆನಾಡಿನ ಕರೆಂಟು ನೆಚ್ಚಿಕೊಂಡು ಈ ಲೆಕ್ಕ ಹಾಕಬೇಡಿ ಅಷ್ಟೇ.

ಸೊಪ್ಪುಸಾರು:
ನಾನು ಬೆಂಗಳೂರಿನವಳು, ಹಂದಿ ಸಾಕಣೆ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಈ ಹುಳದ ಹೆಸರು ನೋಡಿ ಓದಿದೆ. ನನ್ನ ಮಗನಿಗೆ ಶಾಲೆಯಲ್ಲಿ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿದಾಗ ಮೆದುಳಲ್ಲಿ ಒಂದು ಉಂಗುರದಂಥ ಕಲೆ. ಡಾಕ್ಟರು ಇದು ಹಂದಿಯ ಲಾಡಿಹುಳು ಅಂದರು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತರುವುದಿಲ್ಲ. ನಮ್ಮ ಅತ್ತೆಯವರು ಇವತ್ತಿಗೂ ಹುಡುಗ ಹೊರಗೆ ಕದ್ದು ಏನೋ ತಿಂದಿದ್ದಾನೆ ಅಂತಲೇ ಅನ್ನುತ್ತಾರೆ. ಮಗು ಪಾಪ ಇಲ್ಲ ಅಂತ ಅಳುತ್ತಿತ್ತು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಆರಾಮಿದ್ದಾನೆ. ಆದರೆ ಇದು ಹೇಗೆ ಸಾಧ್ಯ ಅಂತ ಯಾರೂ ಸರಿಯಾಗಿ ಬಿಡಿಸಿ ಹೇಳಲಿಲ್ಲ.

ಹಳ್ಳಿ ಪಶುವೈದ್ಯ:
ಅಮ್ಮಾ, ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ. ಹಂದಿಮಾಂಸ ತಿಂದರೆ ಮೆದುಳಿಗೆ ಗುಳ್ಳೆ ಬರುವುದಿಲ್ಲ. ಮಾಂಸದಿಂದ ಬರುವುದು ಕರುಳಿನ ಹುಳ. ಮೆದುಳಿಗೆ ಹೋಗುವುದು ಮೊಟ್ಟೆಯಿಂದ ಹುಟ್ಟಿದ ಮರಿ. ಮೊಟ್ಟೆ ಬರುವುದು ಮನುಷ್ಯನ ಮಲದಿಂದ. ಹುಳ ಇರುವ ಒಬ್ಬರು ಕೈ ತೊಳೆಯದೆ ಪಾನಿಪುರಿ ಕೊಟ್ಟರೂ ಸಾಕು. ಕೊಳಚೆ ನೀರು ಹಾಯಿಸಿದ ಸೊಪ್ಪನ್ನು ಹಸಿಯಾಗಿ ತಿಂದರೂ ಸಾಕು. ಕ್ಲೋರಿನ್ ಹಾಕಿದ ನೀರಿಗೂ ಈ ಮೊಟ್ಟೆ ಜಗ್ಗುವುದಿಲ್ಲ, ಕುದಿಸಿದರೆ ಮಾತ್ರ ಸಾಯುತ್ತದೆ.

ನ್ಯೂಯಾರ್ಕಿನಲ್ಲಿ ಹಂದಿಯನ್ನು ಮುಟ್ಟದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿ ಇದೇ ಕಾಯಿಲೆ ಕಂಡಿತ್ತು. 1992ರಲ್ಲಿ ಅದರ ವರದಿ ಬಂತು. ಹುಳ ಇದ್ದ ಮನೆಗೆಲಸದವರಿಂದ ಬಂದಿರಬೇಕು ಅಂತ ವೈದ್ಯರು ಪತ್ತೆ ಮಾಡಿದರು. ನಮ್ಮಲ್ಲಿ ನಿಮ್ಹಾನ್ಸ್‌ಗೆ, ವೆಲ್ಲೂರಿನ ಸಿಎಂಸಿಗೆ ಫಿಟ್ಸ್ ಅಂತ ಬರುವವರಲ್ಲಿ ಇದು ಹೊಸದೇನಲ್ಲ. ವೆಲ್ಲೂರು ಸುತ್ತ ಮನೆಮನೆಗೆ ಹೋಗಿ ನೋಡಿದಾಗ ಮೂರ್ಛೆರೋಗ ಇದ್ದವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ಈ ಹುಳವೇ ಕಾರಣವಾಗಿತ್ತು. ರೋಗ ಬೇರೂರಿದ ದೇಶಗಳಲ್ಲಿ ಶೇ. 30ರಷ್ಟು ಮೂರ್ಛೆರೋಗಕ್ಕೆ ಇದೇ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ತಡೆಯಬಹುದಾದ ಮೂರ್ಛೆರೋಗ ಇದು.

ನಿಮ್ಮ ಮಗ ಏನೂ ಕದ್ದು ತಿಂದಿಲ್ಲ.

ಬಯಲುಸೀಮೆ ಹುಡುಗ:
ಒಂದು ಮಾತು ನಾನೂ ಹೇಳಬೇಕು. ನಮ್ಮದು ಕೊರಮರ ಮನೆ. ತಲೆತಲಾಂತರದಿಂದ ಹಂದಿ ಸಾಕಿದವರು. ಊರಿನಲ್ಲಿ ಯಾರಿಗೆ ಜ್ವರ ಬಂದರೂ ಪುರಸಭೆಯವರು ಮೊದಲು ಹಿಡಿಯುವುದು ನಮ್ಮ ಹಂದಿ. ಲಾರಿ ತರುತ್ತಾರೆ, ಬಲೆ ಹಾಕುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತೆ. ಒಂದು ವರ್ಷದ ದುಡಿಮೆ ಒಂದು ಬೆಳಗ್ಗೆ ಹೋಗುತ್ತೆ.

ಈಗ ಡಾಕ್ಟರು ಹೇಳಿದ್ದನ್ನು ಇನ್ನೊಮ್ಮೆ ಓದಿ. ಹುಳ ಇರುವುದು ಮನುಷ್ಯನ ಹೊಟ್ಟೆಯಲ್ಲಿ. ಹಂದಿಗೆ ಅದನ್ನು ತಿನ್ನಿಸುವುದು ಮನುಷ್ಯ. ಚರಂಡಿಗೆ ಪೈಪ್ ಬಿಟ್ಟ ಮನೆಗಳು ಎಷ್ಟಿವೆ ನಮ್ಮ ಊರಲ್ಲಿ, ಲೆಕ್ಕ ಯಾರು ಹಿಡಿದಿದ್ದಾರೆ? ಆ ಚರಂಡಿ ಪಕ್ಕ ನಮ್ಮ ಹಂದಿ ಸಿಕ್ಕರೆ ತಪ್ಪು ಹಂದಿಯದು. ಅಲ್ವಾ?

ಗೂಡಲ್ಲಿ ಕಟ್ಟಿ ಸಾಕಿ ಅಂತ ಬಂದವರೆಲ್ಲ ಹೇಳುತ್ತಾರೆ. ಗೂಡು ಕಟ್ಟಲು ಜಾಗ ಬೇಕು. ಎರಡು ಹೊತ್ತು ಹೊಟ್ಟೆ ತುಂಬಿಸಲು ಬೂಸ, ಜೋಳ ಬೇಕು. ನಮಗೆ ಮಲಗಲು ಇರುವುದೇ ಒಂದು ಕೋಣೆ. ಹಂದಿ ಅಲೆದು ತಿನ್ನುತ್ತೆ ಅಂತಲೇ ನಾವು ಅದನ್ನು ಸಾಕುತ್ತಿರುವುದು. ರೈತರಿಗೆ ಅರಿವಿಲ್ಲ ಅಂತ ಬರೆಯುವುದು ಸುಲಭ. ನಮ್ಮ ತಾಯಿಗೆ ಈ ಗುಳ್ಳೆ ಚೆನ್ನಾಗಿ ಗೊತ್ತು. ಕೊಯ್ದಾಗ ಕಂಡರೆ ಮನೆಗೆ ತರುತ್ತಿರಲಿಲ್ಲ. ಅದು ನಮ್ಮ ಮಲದಿಂದ ಬರುತ್ತೆ ಅಂತ ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ. ಚುಚ್ಚುಮದ್ದು ಹಾಕಲು ಬಂದವರೂ ಹೇಳಲಿಲ್ಲ.

ನಾಟಿ ಊಟ:
ಈ ಮಾತು ಒಪ್ಪಿದೆ ಗುರುವೇ. ನಾನು ಹೇಳಿದ್ದೂ ಅದೇ ಅರ್ಥದಲ್ಲಿ.

ಎಸ್ಟೇಟ್ ರೈಟರ್:
ಮಲೆನಾಡ ಹಟ್ಟಿಯವರೇ, ನಿಮ್ಮ ಪಕ್ಕದ ಎಸ್ಟೇಟಿನ ಲೈನಿನಲ್ಲಿ ಅಸ್ಸಾಮಿನಿಂದ ಬಂದ ಕೆಲಸದವರು ಇದ್ದಾರಾ? ನಮ್ಮ ಕಡೆ ಎಲ್ಲ ಅವರೇ. ಅವರು ಬಂದ ಮೇಲೆ ಇಂಥ ರೋಗಗಳು ಜಾಸ್ತಿ ಆಗಿವೆ ಅಂತ ನನ್ನ ಅನಿಸಿಕೆ.

ಹಳ್ಳಿ ಪಶುವೈದ್ಯ:
ಈ ಅನಿಸಿಕೆ ಬೇಡ. ಈ ಗುಳ್ಳೆ ಅವರು ಬರುವ ಮೊದಲೇ ಇಲ್ಲಿತ್ತು. ನಾನು ಸರ್ವೀಸಿಗೆ ಸೇರಿದ ಕಾಲದಲ್ಲೇ ನೋಡಿದ್ದೇನೆ, ಆಗ ಲೈನಿನಲ್ಲಿದ್ದವರು ನಮ್ಮ ಜಿಲ್ಲೆಯವರೇ. ಹುಳ ಯಾರ ಹೊಟ್ಟೆಯಲ್ಲಿ ಬೇಕಾದರೂ ಇರಬಹುದು. ಮಾಲೀಕರ ಮನೆಯಲ್ಲಿ, ನಿಮ್ಮ ಮನೆಯಲ್ಲಿ, ನನ್ನ ಮನೆಯಲ್ಲಿ. ಕೆಲಸದವರ ಮೇಲೆ ಹೊರಿಸಿದರೆ ಅವರು ಹೆದರಿ ಪರೀಕ್ಷೆಗೂ ಬರುವುದಿಲ್ಲ. ಲೈನಿನಲ್ಲಿ ಶೌಚಾಲಯ ಹೇಗಿದೆ, ಅದನ್ನು ಹೇಳಿ.

ಎಸ್ಟೇಟ್ ರೈಟರ್:
ಕಟ್ಟಿಸಿದ್ದಾರೆ ಸಾರ್. ನೀರಿಲ್ಲ. ಒಂದರ ಬಾಗಿಲು ಕಿತ್ತು ಹೋಗಿದೆ, ಇನ್ನೊಂದರಲ್ಲಿ ಗೊಬ್ಬರದ ಚೀಲ ಇಟ್ಟಿದ್ದಾರೆ.

ಆಶಾ ಕಾರ್ಯಕರ್ತೆ:
ಇದೇ ಕಥೆ ಎಲ್ಲ ಕಡೆ. ಸ್ವಚ್ಛ ಭಾರತದಲ್ಲಿ ಕಟ್ಟಿದ್ದು ರಿಜಿಸ್ಟರಿನಲ್ಲಿ ಇದೆ. ಗಂಡಸರು ಚೊಂಬು ಹಿಡಿದು ತೋಟಕ್ಕೇ ಹೋಗುತ್ತಾರೆ. ಕೇಳಿದರೆ ಒಳಗೆ ಕೂತರೆ ಬರಲ್ಲ ಅನ್ನುತ್ತಾರೆ. ಏನು ಹೇಳೋದು!

ಎಸ್ಟೇಟಿನವರಿಗೆ ನೆನಪಿಸಿ: ತೋಟದ ಕೆಲಸದವರಿಗೆ ಶೌಚಾಲಯ ಒದಗಿಸಿ ಅದನ್ನು ಶುಚಿಯಾಗಿಡುವುದು ಮಾಲೀಕರ ಹೊಣೆ ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಅದು ಯಾರ ಉಪಕಾರವೂ ಅಲ್ಲ.

ಮತ್ತೊಂದು ವಿಷಯ. ಬಹಳ ಜನ ಕೇಳುತ್ತಾರೆ, ಶಾಲೆಯಲ್ಲಿ ಫೆಬ್ರವರಿ 10, ಆಗಸ್ಟ್ 10ಕ್ಕೆ ಮಕ್ಕಳಿಗೆ ಹುಳದ ಮಾತ್ರೆ ಕೊಡ್ತೀರಲ್ಲ, ಅದರಲ್ಲೇ ಹೋಗಲ್ವಾ ಅಂತ. ಆ ಆಲ್ಬೆಂಡಜೋಲ್ ಮುಖ್ಯವಾಗಿ ಜಂತುಹುಳ, ಕೊಕ್ಕೆಹುಳ, ಚಾಟಿಹುಳಕ್ಕೆ. ಒಂದೇ ಮಾತ್ರೆಗೆ ಲಾಡಿಹುಳು ಹೋಗುತ್ತೆ ಅಂತ ನಂಬುವ ಹಾಗಿಲ್ಲ. ಲಾಡಿಹುಳುವಿಗೆ ವೈದ್ಯರು ನಿಕ್ಲೋಸಮೈಡ್ ಅಥವಾ ಪ್ರಾಜಿಕ್ವಾಂಟಲ್ ಬರೆಯುತ್ತಾರೆ. ಮಲದಲ್ಲಿ ಬಿಳಿ ಪಟ್ಟಿಯ ತುಂಡು ಕಂಡರೆ ನಾಚಿಕೆ ಪಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಬರೀ ಒಂದು ಸಲ ಮಲ ಪರೀಕ್ಷೆ ಮಾಡಿ ಇಲ್ಲ ಅಂದರೆ ಇಲ್ಲ ಅಂತಲ್ಲ, ಮೊಟ್ಟೆ ದಿನಾ ಬೀಳುವುದಿಲ್ಲ.

ಹಳ್ಳಿ ಪಶುವೈದ್ಯ:
ಆಶಾ ಅವರ ಮಾತಿಗೆ ಒಂದು ಸೇರಿಸುತ್ತೇನೆ. ನಾನು ದನದ ಡಾಕ್ಟರು, ಮನುಷ್ಯರ ಡೋಸು ಹೇಳುವುದಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದಿದ್ದರೆ, ವಿಪರೀತ ತಲೆನೋವು ಇದ್ದರೆ, ಹುಳದ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಕೆಲವು ಮಾತ್ರೆಗಳು ಮೆದುಳಿನಲ್ಲಿರುವ ಗುಳ್ಳೆಯನ್ನೂ ಕೆಣಕುತ್ತವೆ. ಅದು ಸಾಯುವಾಗ ಸುತ್ತ ಊತ ಬಂದು ಫಿಟ್ಸ್ ಜೋರಾಗಬಹುದು. ಮೊದಲು ವೈದ್ಯರಿಗೆ ಪೂರ್ತಿ ಹೇಳಿ.

ಲುಸಾಕಾ ಕನ್ನಡಿಗ:
ನಾನು ಜಾಂಬಿಯಾದಲ್ಲಿ ಇದ್ದೇನೆ, ಊರು ದಾವಣಗೆರೆ. ಇಲ್ಲಿ ಪೂರ್ವ ಪ್ರಾಂತ್ಯದ ಕಟೇಟೆ ಕಡೆ ಮನೆಗೆ ನಾಲ್ಕಾರು ಹಂದಿ ಇದ್ದೇ ಇರುತ್ತವೆ. ಬೆಳೆ ಇರುವಾಗ ಕಟ್ಟುತ್ತಾರೆ, ಕೊಯ್ಲು ಮುಗಿದ ಮೇಲೆ ಬಿಡುತ್ತಾರೆ. ಆ ಬಿಟ್ಟ ತಿಂಗಳುಗಳಲ್ಲೇ ಎಲ್ಲ ಆಗುವುದು.

ಇಲ್ಲಿ ಕೊಳ್ಳುವವರು ಹಂದಿಯನ್ನು ಕೆಡವಿ, ಬಾಯಿಗೆ ಕೋಲು ಕೊಟ್ಟು, ನಾಲಿಗೆ ಎಳೆದು ಕೆಳಭಾಗ ಸವರಿ ನೋಡುತ್ತಾರೆ. ಗಂಟು ಸಿಕ್ಕರೆ ಬೇಡ ಅಂತಾರೆ, ಇಲ್ಲ ರೇಟು ಮುರಿಯುತ್ತಾರೆ. ಬೇಡ ಅಂದ ಹಂದಿ ಎಲ್ಲಿಗೆ ಹೋಗುತ್ತೆ? ಹಳ್ಳಿಯಲ್ಲೇ ಕೊಯ್ದು ಅಲ್ಲೇ ತಿನ್ನುತ್ತಾರೆ. ಪೇಟೆಯವನು ತಪ್ಪಿಸಿಕೊಂಡ, ಹುಳ ಊರಲ್ಲೇ ಉಳಿಯಿತು. ನಿಮ್ಮ ಅರ್ಧ ರೇಟಿನ ವ್ಯಾಪಾರಿ ಕಥೆ ಓದಿದಾಗ ಇದು ನೆನಪಾಯಿತು. ಆ ಮಾಂಸ ಎಲ್ಲೋ ಒಂದು ಕಡೆ ತಟ್ಟೆಗೆ ಬಂದೇ ಬರುತ್ತೆ.

ಶೌಚಾಲಯದ ಮಾತು ಬಂತಲ್ಲ. ಇಲ್ಲಿ ಸಂಶೋಧಕರು ಗಂಡಸರನ್ನು ಕೂರಿಸಿ ಯಾಕೆ ಬಳಸಲ್ಲ ಅಂತ ಕೇಳಿದಾಗ ಬಂದ ಉತ್ತರ ಯಾರೂ ಊಹಿಸಿರಲಿಲ್ಲ. ಅತ್ತೆ ಮಾವ, ಬೆಳೆದ ಹೆಣ್ಣುಮಕ್ಕಳು ಬಳಸುವ ಶೌಚಾಲಯಕ್ಕೆ ಗಂಡಸು ಹೋಗುವುದು ಮರ್ಯಾದೆ ಅಲ್ಲ ಅಂತ. ಒಂದು ಮನೆಗೆ ಒಂದು ಕಟ್ಟಿಕೊಟ್ಟರೆ ಅವನು ಮತ್ತೆ ಪೊದೆಗೇ ಹೋಗುತ್ತಾನೆ. ಪಕ್ಕದ ತಾಂಜಾನಿಯಾದ ಎಂಬುಲು ಕಡೆಯೂ ರೈತರಿಗೆ ಪಾಠ ಹೇಳಿ ನೋಡಿದರು. ತಿಳಿವಳಿಕೆ ಹೆಚ್ಚಿತು, ಹುಳವಿರುವ ಮಾಂಸ ತಿನ್ನುವುದೂ ಕಡಿಮೆಯಾಯಿತು. ಶೌಚಾಲಯದ ಅಭ್ಯಾಸ ಮಾತ್ರ ಅಷ್ಟಾಗಿ ಬದಲಾಗಲಿಲ್ಲ.

ಅಂದಹಾಗೆ ನಾಲಿಗೆ ಪರೀಕ್ಷೆ ಪೂರ್ತಿ ನಂಬಿಕೆಯದಲ್ಲ. ತುಂಬಾ ಗುಳ್ಳೆ ಇದ್ದರೆ ಸಿಗುತ್ತೆ. ಸ್ವಲ್ಪ ಇದ್ದರೆ ಕೈಗೆ ಏನೂ ಸಿಗದೆ ಪಾಸಾಗುತ್ತೆ.

ಮಲೆನಾಡ ಹಟ್ಟಿ:
ಎಲ್ಲರ ಮಾತು ಓದುತ್ತಿದ್ದೇನೆ. ನಾಲಿಗೆ ನೋಡುವುದನ್ನು ನಿನ್ನೆ ಮಾಡಿದೆವು. ಎರಡು ಹಂದಿಗಳಲ್ಲಿ ಕೈಗೆ ಗಂಟು ಸಿಕ್ಕಿತು. ಉಳಿದವು ಸಾಫ್ ಇವೆ, ಅಥವಾ ಹಾಗೆ ಕಾಣುತ್ತವೆ.

ನೇರವಾಗಿ ಕೇಳುತ್ತೇನೆ ಡಾಕ್ಟ್ರೇ. ಅರ್ಧ ರೇಟಿಗೆ ಕೊಟ್ಟರೆ ಇವತ್ತೇ ಕೈಗೆ ದುಡ್ಡು. ಕೊಡದೆ ಇಟ್ಟುಕೊಂಡರೆ ನನಗೆ ಏನು ಸಿಗುತ್ತೆ? ಮಕ್ಕಳ ಫೀಸು ಕಟ್ಟಬೇಕು. ಕೋಳಿ ಸತ್ತರೆ, ದನ ಸತ್ತರೆ ಪರಿಹಾರದ ಮಾತಾದರೂ ಇರುತ್ತೆ. ಇದು ಬದುಕಿರುವ, ಚೆನ್ನಾಗಿರುವ ಹಂದಿ. ಯಾವ ಅರ್ಜಿ ಹಾಕಲಿ?

ಹಳ್ಳಿ ಪಶುವೈದ್ಯ:
ಸರಿಯಾದ ಪ್ರಶ್ನೆ. ಈ ರೋಗದ ಕಷ್ಟವೇ ಇದು. 2020ರಲ್ಲಿ ಅಸ್ಸಾಮಿಗೆ ಆಫ್ರಿಕನ್ ಹಂದಿಜ್ವರ ಬಂದಾಗ ಇಡೀ ದೇಶದ ಸಾಕಣೆದಾರರು ಎಚ್ಚೆತ್ತರು, ಯಾಕಂದರೆ ಹಂದಿ ಸಾಯುತ್ತಿತ್ತು. ಲಾಡಿಹುಳುವಿನಿಂದ ಹಂದಿ ಸಾಯುವುದಿಲ್ಲ, ಸೊರಗುವುದೂ ಇಲ್ಲ. ಸಾಕಿದವನಿಗೆ ನಷ್ಟವೇ ಕಾಣುವುದಿಲ್ಲ. ಪೆಟ್ಟು ಬೀಳುವುದು ಬೇರೆ ಯಾರದೋ ಮನೆಯಲ್ಲಿ, ಮೇಲೆ ಬರೆದಿರುವ ತಾಯಿಯ ಮನೆಯಂಥ ಕಡೆ. ಆದ್ದರಿಂದ ಸುಮ್ನೆ ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ. ಲೆಕ್ಕ ಹೇಳುತ್ತೇನೆ.

ಆಕ್ಸ್‌ಫೆಂಡಜೋಲ್ ಅಂತ ಔಷಧ ಇದೆ. ಹಂದಿಯ ತೂಕ ಕಿಲೋಗೆ 30 ಮಿಲಿಗ್ರಾಂ ಲೆಕ್ಕದಲ್ಲಿ ಬಾಯಿಗೆ ಒಂದೇ ಸಲ. ಸ್ನಾಯುವಿನ ಗುಳ್ಳೆಗಳು ಸಾಯುತ್ತವೆ. ಸತ್ತ ಗುಳ್ಳೆ ಕರಗಲು ಎರಡು ಮೂರು ತಿಂಗಳು ಬೇಕು. ಅಷ್ಟು ದಿನ ಕೊಯ್ಯಬೇಡಿ. ಔಷಧದ ಅಂಶ ಮಾಂಸದಲ್ಲಿ ಉಳಿಯುವ ಅವಧಿಯೂ ಅದರೊಳಗೆ ಕಳೆಯುತ್ತದೆ. ನಾವು ಕುರಿಗೆ ಜಂತಿಗೆ ಕೊಡುವುದಕ್ಕಿಂತ ಈ ಡೋಸು ಬಹಳ ಜಾಸ್ತಿ. ಹಾಗಾಗಿ ಅಂದಾಜಿನಲ್ಲಿ ಕೊಡದೆ, ತೂಕ ಹಾಕಿಸಿ, ನಿಮ್ಮ ಪಶು ಆಸ್ಪತ್ರೆಯವರ ಎದುರಿಗೆ ಕೊಡಿ. ಕಜ್ಜಿಗೆ ಹಾಕಿಸುವ ಐವರ್‌ಮೆಕ್ಟಿನ್ ಇಂಜೆಕ್ಷನ್ನಿನಿಂದ ಈ ಗುಳ್ಳೆಗೆ ಏನೂ ಆಗುವುದಿಲ್ಲ. ಬಹಳ ಜನ ಅದನ್ನೇ ಹಾಕಿಸಿ ಎಲ್ಲ ಹುಳ ಹೋಯಿತು ಅಂದುಕೊಳ್ಳುತ್ತಾರೆ.

ಈಗ ನಿಮ್ಮ ಲೆಕ್ಕ. ಮೂರು ತಿಂಗಳ ಮೇವಿನ ಖರ್ಚು, ಔಷಧದ ಖರ್ಚು ಒಂದು ಕಡೆ. ಪೂರ್ತಿ ರೇಟು, ಮೂರು ತಿಂಗಳಲ್ಲಿ ಏರುವ ತೂಕ ಇನ್ನೊಂದು ಕಡೆ. ಎಳೆಯ ಹಂದಿಗಳಾದರೆ ಇಟ್ಟುಕೊಳ್ಳುವುದೇ ಲಾಭ. ಬಲಿತು ನಿಂತ ಹಂದಿಯಾದರೆ ಲಾಭ ಕಡಿಮೆ, ಆದರೂ ಅರ್ಧ ರೇಟಿಗಿಂತ ಮೇಲೇ ಬರುತ್ತದೆ. ನಾಲಿಗೆಯಲ್ಲಿ ಗಂಟು ಸಿಕ್ಕ ಎರಡಕ್ಕೆ ಮಾತ್ರ ಅಲ್ಲ, ಎಲ್ಲಕ್ಕೂ ಕೊಡಿ.

ಬಯಲುಸೀಮೆ ಹುಡುಗ:
ಲಸಿಕೆ ಇದೆ ಅಂತ ಕೇಳಿದ್ದೆ. ನಿಜವಾ?

ಹಳ್ಳಿ ಪಶುವೈದ್ಯ:
ನಿಜ. ಅದಕ್ಕೆ ಟಿಎಸ್‌ಒಎಲ್18 ಅಂತ ಹೆಸರು. ಮೆಲ್ಬರ್ನ್ ವಿಶ್ವವಿದ್ಯಾಲಯದ ಮಾರ್ಷಲ್ ಲೈಟೌಲರ್ಸ್ ತಂಡದ ಕೆಲಸ. ಮಾರುಕಟ್ಟೆಗೆ ತಯಾರಿಸುತ್ತಿರುವುದು ನಮ್ಮ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್, ಸಿಸ್ವ್ಯಾಕ್ಸ್ ಅನ್ನುವ ಹೆಸರಿನಲ್ಲಿ. ಮರಿಗೆ ಎರಡು ತಿಂಗಳಾದ ಮೇಲೆ ಒಂದು, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು. ಲಸಿಕೆ ಹೊಸ ಗುಳ್ಳೆ ಬರದಂತೆ ತಡೆಯುತ್ತದೆ, ಆಗಲೇ ಕೂತಿರುವುದನ್ನು ಕೊಲ್ಲುವುದಿಲ್ಲ. ಅದಕ್ಕೇ ಜೊತೆಗೆ ಆಕ್ಸ್‌ಫೆಂಡಜೋಲ್ ಕೊಡುವುದು.

ಪೆರು ದೇಶದ ಟುಂಬೆಸ್ ಪ್ರಾಂತ್ಯದಲ್ಲಿ ಹೀಗೇ ಮಾಡಿದರು. ಜನರಿಗೆ ಹುಳದ ಮಾತ್ರೆ, ಹಂದಿಗಳಿಗೆ ಔಷಧ ಮತ್ತು ಲಸಿಕೆ, ಎಲ್ಲ ಒಟ್ಟಿಗೆ. 107 ಹಳ್ಳಿಗಳಲ್ಲಿ 105ರಲ್ಲಿ ಹರಡುವುದು ನಿಂತಿತು. 2016ರಲ್ಲಿ ಅದರ ವರದಿ ಬಂತು. ಗಮನಿಸಿ, ಮೊದಲು ಮನುಷ್ಯರಿಗೆ ಮಾತ್ರೆ. ಬರೀ ಹಂದಿ ಹಿಡಿದುಕೊಂಡು ಹೋದ ಲಾರಿಯಿಂದ ಇದು ಆಗಿದ್ದಲ್ಲ.

ನಮ್ಮ ದೇಶದ್ದೂ ಒಂದು ಲೆಕ್ಕ ಇದೆ. ಲಖನೌ ಹತ್ತಿರದ ಮೋಹನಲಾಲ್‌ಗಂಜ್‌ನಲ್ಲಿ ಹಂದಿ ಸಾಕುವ ಕುಟುಂಬಗಳನ್ನು ಪರೀಕ್ಷೆ ಮಾಡಿದಾಗ ಶೇ. 18ಕ್ಕೂ ಹೆಚ್ಚು ಜನರ ಹೊಟ್ಟೆಯಲ್ಲಿ ಲಾಡಿಹುಳು ಇತ್ತು. ಕೊಯ್ದ ಹಂದಿಗಳಲ್ಲಿ ಶೇ. 26ರಲ್ಲಿ ಗುಳ್ಳೆ. ಅಲ್ಲಿ ಎಲ್ಲರಿಗಿಂತ ಜಾಸ್ತಿ ಅಪಾಯದಲ್ಲಿದ್ದವರು ಸಾಕಿದವರೇ.

ಬಯಲುಸೀಮೆ ಹುಡುಗ:
ಈ ಕೊನೆಯ ಸಾಲು ಯಾರಾದರೂ ನಮ್ಮ ಕೇರಿಗೆ ಬಂದು ಹೇಳಲಿ ಸಾರ್. ಹಂದಿ ಕಟ್ಟಿ, ಇಲ್ಲದಿದ್ದರೆ ದಂಡ ಅಂದರೆ ಜಗಳ ಆಗುತ್ತೆ. ನಿಮ್ಮ ಮಕ್ಕಳಿಗೇ ಫಿಟ್ಸ್ ಬರಬಹುದು ಅಂದರೆ ಎಲ್ಲರೂ ಕೂತು ಕೇಳುತ್ತಾರೆ. ನಮ್ಮ ದೊಡ್ಡಪ್ಪನ ಮಗನಿಗೆ ಫಿಟ್ಸ್ ಇದೆ. ದೇವರ ಕಾಟ ಅಂತ ಎಲ್ಲೆಲ್ಲೋ ತಿರುಗಿದರು, ಕೈಗೆ ದಾರ ಕಟ್ಟಿಸಿದರು. ಒಮ್ಮೆಯೂ ಸ್ಕ್ಯಾನ್ ಮಾಡಿಸಿಲ್ಲ.

ಆಶಾ ಕಾರ್ಯಕರ್ತೆ:
ಅಣ್ಣ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಜಿಲ್ಲಾ ಆಸ್ಪತ್ರೆಗೆ ಬರೆಸಿಕೊಳ್ಳಿ. ಫಿಟ್ಸ್ ಇದ್ದವರು ಹಂದಿ ಸಾಕುವ ಮನೆಯವರು ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಅದನ್ನು ಹೇಳದಿದ್ದರೆ ಅವರಿಗೆ ಹೊಳೆಯದೇ ಇರಬಹುದು. ಮನೆಯ ಎಲ್ಲರ ಮಲ ಪರೀಕ್ಷೆ ಒಟ್ಟಿಗೆ ಮಾಡಿಸಿ. ನೇರ ಸಂದೇಶ ಕಳಿಸಿ, ನಿಮ್ಮ ಕಡೆಯ ಆಶಾ ಯಾರು ಅಂತ ವಿಚಾರಿಸಿ ಹೇಳುತ್ತೇನೆ.

ಕರಾವಳಿ ಮಾಸ್:
ಮಂಗಳೂರಿನಿಂದ ಒಂದು ಸಣ್ಣ ಪ್ರಶ್ನೆ. ಕ್ರಿಸ್‌ಮಸ್‌ಗೆ ದುಕ್ರಾಮಾಸ್ ಮಾಡಲು ನಾವು ಹಳ್ಳಿಯ ಮನೆಗಳಿಂದಲೇ ಹಂದಿ ತರುತ್ತೇವೆ. ಅಂಗಡಿಯ ಮಾಂಸಕ್ಕಿಂತ ರುಚಿ. ಕೊಯ್ಯುವವನು ಏನೇನು ನೋಡಬೇಕು?

ಹಳ್ಳಿ ಪಶುವೈದ್ಯ:
ನಾಲಿಗೆ, ದವಡೆಯ ಸ್ನಾಯು, ಗುಂಡಿಗೆ, ಭುಜ, ತೊಡೆ, ಎದೆ-ಹೊಟ್ಟೆ ನಡುವಿನ ವಪೆ. ಇವನ್ನು ಉದ್ದಕ್ಕೆ ಸೀಳಿ ನೋಡಲಿ. ಒಂದು ಕಡೆ ಗುಳ್ಳೆ ಕಂಡರೂ ಆ ಭಾಗ ಮಾತ್ರ ಕತ್ತರಿಸಿ ತೆಗೆದು ಉಳಿದದ್ದು ಹಂಚುವುದು ಬೇಡ. ಏನೂ ಕಾಣದಿದ್ದರೂ ಚೆನ್ನಾಗಿ ಬೇಯಿಸಿ. ಗುಳ್ಳೆ ಕಂಡರೆ ಸಾಕಿದವರ ಜೊತೆ ಜಗಳ ಆಡದೆ ಅವರಿಗೆ ವಿಷಯ ತಿಳಿಸಿ, ದುಡ್ಡಿನಲ್ಲಿ ಅರ್ಧ ನೀವೂ ಹೊರಿ. ಇಲ್ಲದಿದ್ದರೆ ಮುಂದಿನ ಸಲ ಅವರು ಗಂಟು ಕಂಡರೂ ಬಾಯಿ ಬಿಡುವುದಿಲ್ಲ.

ಕರಾವಳಿ ಮಾಸ್:
ಅರ್ಧ ದುಡ್ಡಿನ ಮಾತಿಗೆ ನಮ್ಮ ಮನೆಯಲ್ಲಿ ಒಪ್ಪಿಗೆ ಕಷ್ಟ. ಕೇಳಿ ನೋಡುತ್ತೇನೆ.

ಮಲೆನಾಡ ಹಟ್ಟಿ:
ವ್ಯಾಪಾರಿಗೆ ಇಲ್ಲ ಅಂದೆ. ಮನೆಯಲ್ಲಿ ಸ್ವಲ್ಪ ಮಾತಾಯಿತು. ಪಶು ಆಸ್ಪತ್ರೆಯವರು ತೂಕ ಹಾಕಿ ಎಲ್ಲಕ್ಕೂ ಔಷಧ ಕುಡಿಸಿದರು. ತಾರೀಖು ಬರೆದು ಸಹಿ ಹಾಕಿ ಕೊಟ್ಟಿದ್ದಾರೆ. ಅಂಗಡಿಯವರಿಗೆ ತೋರಿಸಿದೆ, ಮೂರು ತಿಂಗಳಾದ ಮೇಲೆ ಮೊದಲು ಒಂದನ್ನು ಕೊಯ್ದು ನೋಡಿ ಆಮೇಲೆ ಉಳಿದದ್ದು ಅಂದರು. ಸರಿ ಅಂದೆ. ನಾವು ಮನೆಯವರೆಲ್ಲ ಮಲ ಪರೀಕ್ಷೆಗೆ ಕೊಟ್ಟಿದ್ದೇವೆ. ನಮ್ಮ ತಾಯಿ ಮಾತ್ರ ಡಬ್ಬಿ ಮುಟ್ಟಲ್ಲ ಅಂತ ಕೂತಿದ್ದಾರೆ.

ಬಿಡುವುದನ್ನು ನಿಲ್ಲಿಸಿದ್ದೇನೆ. ಕಷ್ಟ ಮೇವಿನದು. ಅಕ್ಕಿ ತೌಡು, ಹಲಸಿನ ಸಿಪ್ಪೆ, ಗೆಣಸಿನ ಬಳ್ಳಿ ಹಾಕುತ್ತಿದ್ದೇನೆ, ಆದರೂ ಸಂಜೆ ಹೊತ್ತಿಗೆ ಬೇಲಿ ಕೀಳಲು ನೋಡುತ್ತವೆ. ಎಸ್ಟೇಟಿನ ಮಾಲೀಕರ ಹತ್ತಿರ ಶೌಚಾಲಯದ ಮಾತು ಎತ್ತಿದೆ. ನೋಡೋಣ ಅಂದರು.

ಎಸ್ಟೇಟ್ ರೈಟರ್:
ನೋಡೋಣ ಅಂದರೆ ಮುಂದಿನ ಪಿಕ್ಕಿಂಗ್ ಸೀಸನ್‌ಗೆ. ನಮ್ಮಲ್ಲಿ ಗೊಬ್ಬರದ ಚೀಲ ಆಚೆ ತೆಗೆಸಿದ್ದೇನೆ, ಪೈಪು ಎಳೆಯಲು ಹೇಳಿದ್ದೇನೆ. ಬಾಗಿಲಿಗೆ ಬಡಗಿ ಸಿಕ್ಕಿಲ್ಲ.

ಸೋಮವಾರಪೇಟೆ ಅಕ್ಕ:
ಮೇವಿಗೆ ಕೆಸುವಿನ ಗಡ್ಡೆ ಬೇಯಿಸಿ ಹಾಕಿ ನೋಡಿ ತಮ್ಮಾ. ಹಸಿಯಾಗಿ ಬೇಡ, ಬಾಯಿ ತುರಿಸುತ್ತೆ. ಬಾಳೆದಿಂಡು ಕೊಚ್ಚಿ ತೌಡಿನ ಜೊತೆ ಕಲಸಿದರೆ ಹೊಟ್ಟೆ ತುಂಬುತ್ತೆ, ಬೇಲಿ ಕೀಳುವುದು ಕಡಿಮೆ ಆಗುತ್ತೆ. ಬೇಲಿಗೆ ಕೆಳಗಿನ ತಂತಿ ನೆಲಕ್ಕೆ ತಾಗಿಸಿ ಕಟ್ಟಿ, ಅವು ಮೂತಿ ಹಾಕುವುದು ಅಲ್ಲೇ.

ಕುಣಿಗಲ್ ಹೊಸಬ:
ಈಗಷ್ಟೇ ಸೇರಿದೆ. ಮರಿ ತಂದು ಸಾಕಣೆ ಶುರು ಮಾಡಬೇಕು ಅಂತಿದ್ದೇನೆ. ಮರಿ ಕೊಳ್ಳುವಾಗ ಈ ಗುಳ್ಳೆ ಇದೆಯಾ ಅಂತ ನೋಡಬಹುದಾ?

ಹಳ್ಳಿ ಪಶುವೈದ್ಯ:
ಎಳೆ ಮರಿಯಲ್ಲಿ ಮುಟ್ಟಿ ನೋಡಿ ಗೊತ್ತಾಗುವುದಿಲ್ಲ. ಗೂಡಿನಲ್ಲೇ ಹುಟ್ಟಿ, ಗೂಡಿನಲ್ಲೇ ಬೆಳೆದ ಮರಿ ತನ್ನಿ. ಬಿಟ್ಟು ಸಾಕುವ ಕಡೆಯಿಂದ ಬೇಡ. ತಂದ ಮೇಲೆ ಹಂದಿಜ್ವರದ ಲಸಿಕೆ ಹಾಕಿಸುವಾಗ ಇದರ ಲಸಿಕೆ ತರಿಸಿಕೊಡುತ್ತೀರಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಒಬ್ಬರು ಕೇಳಿದರೆ ತರಿಸುವುದು ಕಷ್ಟ, ನಾಲ್ಕು ಸಾಕಣೆದಾರರು ಸೇರಿ ಕೇಳಿ. ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡರೆ ಗೂಡಿಗಿಂತ ಮೊದಲು ಅವರಿಗೆ ಶೌಚಾಲಯ ಕಟ್ಟಿಸಿ, ನೀರಿನ ಸಮೇತ.